ಅಟ್ಟದ ಮೇಲಿನ ಸೌದೆ

ಪ್ಲೇಗು ಅಂದರೆ ಎಲ್ಲರಿಗೂ ಗಡ್ಡೆ, ಜ್ವರ, ಸಾವು ನೆನಪಾಗುತ್ತೆ. ನನಗೆ ಸೌದೆ ನೆನಪಾಗುತ್ತೆ. ಊರು ಬಿಟ್ಟು ಶೆಡ್ಡಿನಲ್ಲಿ ಕೂತ ಎರಡು ಚಳಿಗಾಲ ನನಗೆ ಎದ್ದರೆ ಅದೇ ಯೋಚನೆ, ಮಲಗಿದರೆ ಅದೇ ಯೋಚನೆ. ಸಾಯೋ ಯೋಚನೆ ಮಾಡೋದಕ್ಕೆ ಪುರುಸೊತ್ತೇ ಇರಲಿಲ್ಲ ಅಂದರೆ ನಗಬೇಡಿ. ಇವತ್ತಿಗೂ ದಾರಿಯಲ್ಲಿ ಒಂದು ಒಣಕಡ್ಡಿ ಬಿದ್ದಿದ್ದರೆ ನನ್ನ ಸೊಂಟ ತಾನಾಗೇ ಬಗ್ಗುತ್ತೆ. ಮೊಮ್ಮಕ್ಕಳು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ ಬಿಡಿ, ಅವಕ್ಕೇನು ಗೊತ್ತು.

ನನ್ನ ಗಂಡನ ಊರು ಹಳ್ಳಿಮೈಸೂರಿಗೆ ಹತ್ತಿರ, ಹೊಳೆನರಸೀಪುರ ತಾಲ್ಲೂಕು. ಯುದ್ಧದ ಕಾಲ. ನಾನು ಮದುವೆಯಾಗಿ ಬಂದ ವರ್ಷವೇ ಅಲ್ಲಿ ಇಲಿ ಬಿತ್ತು. ಮನೆಯೊಳಗೆ ಒಂದು ಇಲಿ ತಾನಾಗಿ ಸತ್ತು ಬಿದ್ದರೆ ಆಗ ಯಾರೂ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಪಟೇಲರು ತಮಟೆ ಹೊಡೆಸುವ ಮೊದಲೇ ಜನ ಪಾತ್ರೆ ಪಡಗ ಗಾಡಿಗೆ ತುಂಬುತ್ತಿದ್ದರು. ಊರಿಗೆ ಊರೇ ಬೀಗ ಹಾಕಿಕೊಂಡು ಆಚೆಯ ಗುಂಡುತೋಪಿಗೆ ಹೋಗಿ ಕೂರಬೇಕು. ಗುಂಡುತೋಪು ಅಂದರೆ ಊರೊಟ್ಟಿನ ಮರಗಳು. ದಾರಿಹೋಕರಿಗೆ ನೆರಳಿರಲಿ ಅಂತ ಹಿಂದಿನವರು ಹೊಂಗೆ, ಹಿಪ್ಪೆ, ನೇರಳೆ, ಮಾವು ಹಾಕಿಸಿದ್ದರು. ಅದರ ಕೆಳಗೆ ನಾಲ್ಕು ಗಳ ನೆಟ್ಟು, ತೆಂಗಿನ ಗರಿ ಹೊದಿಸಿ, ಸುತ್ತ ಜೋಳದ ಕಡ್ಡಿಯ ತಟ್ಟಿ ಕಟ್ಟಿದರೆ ಅದು ಶೆಡ್ಡು. ನಿರಾಶ್ರಿತರು ಅನ್ನೋ ಮಾತನ್ನ ನಾನು ಎಷ್ಟೋ ವರ್ಷ ಆದಮೇಲೆ ಪೇಪರಿನಲ್ಲಿ ಓದಿದೆ. ನಾವು ನಮ್ಮ ಮನೆಯ ಹೆಂಚು ಕಣ್ಣಿಗೆ ಕಾಣೋ ದೂರದಲ್ಲೇ ನಿರಾಶ್ರಿತರಾಗಿ ಕೂತಿದ್ದೆವು.

ಮನೆಯಿಂದ ಏನು ತರಬಹುದು, ಏನು ತರಬಾರದು ಅನ್ನೋದಕ್ಕೆಲ್ಲ ಕಟ್ಟುನಿಟ್ಟು. ಬಟ್ಟೆ ಕುದಿಸಿ ತರಬೇಕು. ರಾಗಿ, ಅಕ್ಕಿ ಬಿಸಿಲಿಗೆ ಹರಡಿ ತರಬೇಕು. ಹಾಸಿಗೆ, ಕಂಬಳಿ ಅಲ್ಲೇ ಬಿಡಬೇಕು. ಸೌದೆಯ ಮಾತೇ ಯಾರೂ ಎತ್ತಲಿಲ್ಲ. ತೋಪಿನಲ್ಲಿ ಕೂರುವವರಿಗೆ ಸೌದೆಗೇನು ಬರ ಅಂತ ಎಲ್ಲರೂ ಅಂದುಕೊಂಡಿದ್ದರು. ನಮ್ಮನೆ ಅಡುಗೆ ಒಲೆಯ ಮೇಲಿನ ಅಟ್ಟದಲ್ಲಿ ಒಂದು ವರ್ಷಕ್ಕಾಗುವಷ್ಟು ಸೌದೆ ಇತ್ತು. ನಮ್ಮತ್ತೆ ತಾವೇ ನಿಂತು ಸೀಳಿಸಿ, ಒಂದೇ ಅಳತೆಗೆ ಕಡಿಸಿ, ಗೋಡೆ ಕಟ್ಟಿದ ಹಾಗೆ ಒಟ್ಟಿಸಿದ್ದರು. ಅದನ್ನು ಹಾಗೇ ಬಿಟ್ಟು ಬಂದೆವು.

ಅತ್ತೆಗೆ ಆಗ ಐವತ್ತರ ಮೇಲೆ. ಗಂಡ ಸತ್ತು ಬಹಳ ವರ್ಷ ಆಗಿತ್ತು, ನನ್ನ ಯಜಮಾನರು ಒಬ್ಬರೇ ಮಗ. ಕಡಿಮೆ ಮಾತು, ಕೆಲಸಕ್ಕೆ ಗಟ್ಟಿ. ನನಗೋ ಬಾಯಿ ಜೋರು, ಹುಟ್ಟಿದಾಗಿನಿಂದ. ಅರಕಲಗೂಡಿನ ಕಡೆಯ ಹೆಣ್ಣು ತಂದು ತಪ್ಪು ಮಾಡಿದೆ ಅಂತ ಅತ್ತೆ ಯಾವತ್ತೂ ಅನ್ನಲಿಲ್ಲ, ಆದರೆ ಒಂದೆರಡು ಸಲ ಮುಖ ಹಾಗೆ ಮಾಡಿದ್ದುಂಟು.

ಮೊದಲ ವರ್ಷ ತೋಪಿನಲ್ಲಿ ಅರವತ್ತು ಒಲೆ ಹಚ್ಚಿದೆವು. ಮೂರು ಕಲ್ಲಿಟ್ಟ ಬಯಲ ಒಲೆ ಎಷ್ಟು ತಿನ್ನುತ್ತೆ ಅನ್ನೋದು ಮನೆಯೊಳಗೆ ಅಡುಗೆ ಮಾಡಿದವರಿಗೆ ಗೊತ್ತಾಗೋದಿಲ್ಲ. ಉರಿಯೆಲ್ಲ ಗಾಳಿ ಎಳೆದುಕೊಂಡು ಹೋಗುತ್ತೆ, ಮುದ್ದೆಗೆ ಎಸರು ಮರಳೋ ಹೊತ್ತಿಗೆ ಒಂದು ಹೊರೆ ಮುಗಿದಿರುತ್ತೆ. ಬಿದ್ದ ಕಡ್ಡಿ ಹದಿನೈದು ದಿನಕ್ಕೆ ಖಾಲಿ. ಆಮೇಲೆ ಲಂಟಾನದ ಪೊದೆ, ಆಮೇಲೆ ಹೊಲದ ಬೇಲಿ. ಸಗಣಿಯನ್ನೆಲ್ಲ ಬೆರಣಿ ತಟ್ಟಿದೆವು, ಆ ವರ್ಷ ಯಾರ ತಿಪ್ಪೆಯಲ್ಲೂ ಗೊಬ್ಬರ ಇರಲಿಲ್ಲ. ಮೊದಲಾದರೆ ಅರಕಲಗೂಡಿನ ಕಡೆಯಿಂದ ಸೌದೆ ಗಾಡಿ ಬರುತ್ತಿದ್ದವು. ಯುದ್ಧದಲ್ಲಿ ಪೆಟ್ರೋಲು ಸಿಗದೆ ಹಾಸನದ ಬಸ್ಸುಗಳೆಲ್ಲ ಇದ್ದಿಲು ಗ್ಯಾಸಿನ ಮೇಲೆ ಓಡುತ್ತಿದ್ದವಲ್ಲ, ಇದ್ದಿಲು ಸುಡೋರು ಗಾಡಿಗಳನ್ನ ದಾರಿಯಲ್ಲೇ ಹಿಡಿದು ಕೊಂಡುಬಿಡುತ್ತಿದ್ದರು. ಉಳಿದ ಒಂದೆರಡು ಗಾಡಿಯವರು ಪ್ಲೇಗಿನ ಶೆಡ್ಡು ಅಂದರೆ ಎತ್ತು ತಿರುಗಿಸಿಕೊಂಡು ಹೋಗುತ್ತಿದ್ದರು. ಅವರನ್ನೇನು ಅನ್ನೋದು, ಅವರಿಗೂ ಹೆಂಡತಿ ಮಕ್ಕಳು.

ಹಸಿ ಮರಕ್ಕೆ ಕೊಡಲಿ ಹಾಕಿದರೆ ಜುಲ್ಮಾನೆ, ಒಣಗಿದ್ದು ಯಾರು ಬೇಕಾದರೂ ತಗೊಳ್ಳಿ, ಇದು ಪಟೇಲರ ಕಟ್ಟಪ್ಪಣೆ. ಒಳ್ಳೇ ಮಾತೇ. ಆದರೆ ಹೆಂಗಸರು ಅದಕ್ಕೂ ಒಂದು ದಾರಿ ಹುಡುಕಿದೆವು. ದನಕ್ಕೆ ಸೊಪ್ಪು ಕೊಯ್ಯೋ ನೆವದಲ್ಲಿ ಕುಡುಗೋಲು ಹಿಡಿದು ಹೋಗೋದು, ಮರದ ಬುಡದಲ್ಲಿ ಅಂಗೈ ಅಗಲ ತೊಗಟೆಯನ್ನ ಸುತ್ತಲೂ ಎಬ್ಬಿಸಿಬಿಡೋದು, ಕಾಣದ ಹಾಗೆ ಮೇಲೆ ಕೆಸರು ಮೆತ್ತೋದು. ಅಷ್ಟೇ ಕೆಲಸ. ಮರ ನಿಂತ ಹಾಗೇ ಒಣಗುತ್ತೆ, ಒಣಗಿದ ಮೇಲೆ ಜುಲ್ಮಾನೆ ಇಲ್ಲ. ನಾನು ಹೊಸ ಸೊಸೆ, ಜಾಣೆ ಅನ್ನಿಸಿಕೊಳ್ಳೋ ಆಸೆ ಬೇರೆ. ಮೂರು ಹೊಂಗೆ ಮರ, ಒಂದು ಹಿಪ್ಪೆ ಮರ ನನ್ನ ಕೈಯಲ್ಲೇ ಸುಲಿದೆ.

ಅತ್ತೆ ನೋಡಿದರು. ಕೆಸರನ್ನ ಬೆರಳಲ್ಲಿ ಕೆದರಿ ನೋಡಿ, "ಇಪ್ಪೆ ಮರಾನೂ ಸುಲಿದ್ಯೇನವ್ವ?" ಅಂದರು.

"ಎಲ್ಲರೂ ಸುಲೀತಾರೆ ಅತ್ತೆ. ನಾವು ಸುಮ್ನೆ ಕೂತ್ರೆ ಬೇರೆಯೋರ ಒಲೆಗೆ ಓಯ್ತದೆ."

"ದೀಪಕ್ಕೆ ಎಣ್ಣೆ ಎಲ್ಲಿಂದ ತತ್ತೀಯಾ?" ಅಂದರು. ನನಗೆ ಆಗ ಅದರ ಮೇಲೆ ಗಮನವೇ ಇಲ್ಲ. ಸೀಮೆಎಣ್ಣೆ ಸಿಗದ ಕಾಲದಲ್ಲಿ ಊರಿನ ದೀಪವೆಲ್ಲ ಹೊಂಗೆ ಎಣ್ಣೆ, ಹಿಪ್ಪೆ ಎಣ್ಣೆಯ ಮೇಲೆ ಉರಿಯುತ್ತಿತ್ತು. ಗದ್ದೆಗೆ ಹಾಕೋ ಸೊಪ್ಪೂ ಅದೇ ಹೊಂಗೆಯದು. ಅತ್ತೆ ಅಷ್ಟು ಅಂದು ಎದ್ದು ಹೋದರು. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ.

ಶಿವರಾತ್ರಿ ಕಳೆದು ಊರೊಳಕ್ಕೆ ಬಂದೆವು. ಮುಂಗಾರು ಹೊತ್ತಿಗೆ ತೋಪಿನ ಮರ ಒಂದೊಂದಾಗಿ ಎಲೆ ಉದುರಿಸಿದವು. ನಾವು ಒಣಗಿಸಿದ ಮರ ನಮಗೂ ದಕ್ಕಲಿಲ್ಲ. ಸರ್ಕಾರದವರು ಹರಾಜು ಹಾಕಿದರು, ಚನ್ನರಾಯಪಟ್ಟಣದ ಕಡೆಯ ಒಬ್ಬ ಇದ್ದಿಲು ಕಂಟ್ರಾಕ್ಟರು ಕೂಗಿಕೊಂಡ, ಎಲ್ಲ ಕಡಿದು ಅಲ್ಲೇ ಗುಂಡಿ ತೋಡಿ ಸುಟ್ಟು ಇದ್ದಿಲು ಮಾಡಿ ಹೊತ್ತುಕೊಂಡು ಹೋದ. ನಮ್ಮ ತೋಪು ಹಾಸನದ ಬಸ್ಸಿನ ಹೊಟ್ಟೆಗೆ ಹೋಯಿತು. ಹಿಂದೆ ತೋಪಿನ ಮೇಲೆ ಬಿದ್ದ ನೀರು ಇಂಗುತ್ತಿತ್ತು, ಆ ವರ್ಷ ಮಳೆ ಬಿದ್ದದ್ದೇ ಕೆಂಪು ಮಣ್ಣು ಸಮೇತ ಹರಿದು ಕೆಳಗಿನ ಕಟ್ಟೆ ತುಂಬಿತು. ದನ ಇಳಿದರೆ ಮೊಣಕಾಲವರೆಗೆ ಕೆಸರು.

ಮಾರನೇ ವರ್ಷ ದೀಪಾವಳಿ ಇನ್ನೂ ಎರಡು ವಾರ ಇದೆ ಅನ್ನುವಾಗ ಮತ್ತೆ ಇಲಿ ಬಿತ್ತು. ಈ ಸಲ ನಮ್ಮನೆಯಲ್ಲೇ. ಅಡುಗೆಮನೆಯಲ್ಲಿ ಎರಡು, ಅಟ್ಟದ ಏಣಿಯ ಬುಡದಲ್ಲಿ ಒಂದು. ಅಟ್ಟದ ಸೌದೆ ಇನ್ನೂ ಬೇಕಾದಷ್ಟು ಉಳಿದಿತ್ತು, ಇಲಿ ಬಿದ್ದ ಮನೆಯದು ಅಂತ ಈ ಸಲವೂ ಮುಟ್ಟದೆ ಬಂದೆವು. ನನಗೆ ಆಗ ಎಂಟು ತಿಂಗಳು. ಚೊಚ್ಚಲು ಹೆರಿಗೆ ತವರಿನಲ್ಲಿ ಆಗಬೇಕು. ನಮ್ಮಪ್ಪ ಬಂದರು, ಊರ ಗಡಿ ಕಲ್ಲಿನ ಹತ್ತಿರವೇ ನಿಂತರು. ಪ್ಲೇಗು ಬಿದ್ದ ಊರಿನಿಂದ ಯಾರನ್ನೂ ಸೇರಿಸಬಾರದು ಅಂತ ಅವರೂರಲ್ಲಿ ಪಂಚಾಯಿತಿ ಮಾಡಿದ್ದರಂತೆ. ಅಪ್ಪ ಹೆಗಲ ಮೇಲಿನ ವಸ್ತ್ರದಲ್ಲಿ ಮುಖ ಒರೆಸಿಕೊಂಡರು. ನಾನು ಅಳಲಿಲ್ಲ, ಕೋಪ ಬಂತು. ಯಾರ ಮೇಲೆ ಅಂತ ಗೊತ್ತಿಲ್ಲದ ಕೋಪ. ಅತ್ತೆಯೇ ದೂರದಿಂದ ಕೂಗಿ ಹೇಳಿದರು: "ನೀವ್ ಓಗಿ ಬೀಗ್ರೇ. ಬಾಣಂತನ ನಾನ್ ಮಾಡ್ತೀನಿ. ತವರಲ್ಲಿ ಏನೇನ್ ನಡೀತದೋ ಅದೆಲ್ಲಾ ಇಲ್ಲೂ ನಡೀತದೆ."

ಅವರು ಆಡಿದ ಮಾತು ಅದು. ಆ ಮಾತಿಗೆ ಬಿದ್ದೇ ಕೆಟ್ಟರು.

ಹೆಣ್ಣು ಮಗು ಹುಟ್ಟಿತು, ಶೆಡ್ಡಿನಲ್ಲೇ, ಸೂಲಗಿತ್ತಿಯ ಕೈಯಲ್ಲಿ. ಚಳಿ ಶುರುವಾಗಿತ್ತು. ನಮ್ಮ ಕಡೆ ಬಾಣಂತಿಗೆ ಬೆಳಿಗ್ಗೆ ಒಂದು ತಾಮ್ರದ ಹಂಡೆ ನೀರು, ಮೈ ಕೆಂಪಗಾಗುವಷ್ಟು ಬಿಸಿ, ಮೂರು ತಿಂಗಳು. ಮಗುವಿಗೂ ಅದೇ. ನೀರು ಹಾಕಿದ ಮೇಲೆ ಕೆಂಡದ ಮೇಲೆ ಸಾಂಬ್ರಾಣಿ, ಮಂಚದ ಕೆಳಗೆ ಅಗ್ಗಿಷ್ಟಿಕೆ. ಮನೆಯಲ್ಲಾದರೆ ಬಚ್ಚಲಲ್ಲಿ ಹೂತ ಹಂಡೆ, ಮಣ್ಣಿನ ಒಲೆ, ನಾಲ್ಕು ಸೌದೆಗೆ ನೀರು ಕೊತಕೊತ ಕುದಿಯುತ್ತೆ. ಇಲ್ಲಿ ಬಯಲು. ತೋಪಿನಲ್ಲಿ ಗಾಳಿ ತಡೆಯೋದಕ್ಕೆ ಮರವೇ ಇಲ್ಲ. ಒಂದು ಹಂಡೆ ನೀರಿಗೆ ಅರವತ್ತು ಮನೆಯವರೂ ಹುಡುಕುವಷ್ಟು ಕಡ್ಡಿ ಬೇಕು, ಅರವತ್ತು ಮನೆಯವರೂ ಹುಡುಕುತ್ತಲೇ ಇದ್ದರು.

ಅತ್ತೆ ಬೆಳಕು ಹರಿಯೋ ಮೊದಲೇ ಎದ್ದು ಹೋಗೋರು. ರಾಗಿ ಕೂಳೆ ಕಿತ್ತು ತರೋರು, ತೊಗರಿ ಕಡ್ಡಿ ತರೋರು. ಒಣಗಿದ ಕತ್ತಾಳೆ ಪಟ್ಟೆ ಎಳೆದು ತಂದು ಕೈಯೆಲ್ಲ ಗೀರಿಕೊಂಡಿದ್ದರು. ದಂಡಿಗನಹಳ್ಳಿಯಲ್ಲಿದ್ದ ಅವರ ತಂಗಿ ಒಂದು ಸಲ ಒಂದು ಗಾಡಿ ತೆಂಗಿನ ಮಟ್ಟೆ ಕಳಿಸಿದಳು. ಗಾಡಿಯವನು ಗಡಿ ಕಲ್ಲಿನ ಹತ್ತಿರ ಸುರಿದು ಹೋಗಿದ್ದ, ನಾವು ಹೋಗೋದರಲ್ಲಿ ಅರ್ಧ ಯಾರ್ಯಾರೋ ಹೊತ್ತಿದ್ದರು. ಬಯ್ಯೋಕೂ ಬಾಯಿ ಬರಲಿಲ್ಲ. ಅವರ ಮಕ್ಕಳೂ ಹಸಿ ಮುದ್ದೆ ತಿಂದು ಹೊಟ್ಟೆ ಹಿಡಿದುಕೊಂಡು ಕೂತಿದ್ದವು. ಯಜಮಾನರು ಹೊಳೆನರಸೀಪುರದ ಸಂತೆಗೆ ಎರಡು ಸಲ ಹೋಗಿ ಬರಿಗೈಲಿ ಬಂದರು. ಹಸಿ ಲಂಟಾನದ ಹೊಗೆಗೆ ಅತ್ತೆಯ ಕಣ್ಣು ಯಾವಾಗಲೂ ಕೆಂಪು, ರೆಪ್ಪೆ ಊದಿಕೊಂಡಿರೋದು.

ಎಂಟನೆಯ ದಿನ ಮಗುವಿಗೆ ಶೀತ ಹಿಡಿಯಿತು. ಹಾಲು ಎಳೆಯೋದು ಬಿಟ್ಟಿತು. ಉಸಿರು ಎಳೆದಾಗ ಎದೆಗೂಡು ಒಳಕ್ಕೆ ಹೋಗೋದು, ಕೈಕಾಲು ಮುಟ್ಟಿದರೆ ತಣ್ಣಗೆ. ಸೂಲಗಿತ್ತಿ ನೋಡಿ, ಮಗೀಗೆ ಕಾವು ಸಾಲದು, ಹಿಂಗೇ ಬಿಟ್ಟರೆ ಉಳಿಯೋದಿಲ್ಲ ಅಂದಳು. ಒಂಬತ್ತನೆಯ ದಿನ ಅತ್ತೆ ನನಗೆ ಹಾಕಿದ ನೀರು ಉಗುರು ಬೆಚ್ಚಗೂ ಇರಲಿಲ್ಲ. ಎರಡು ಚೊಂಬು ಬೀಳೋದರೊಳಗೆ ನನ್ನ ಹಲ್ಲು ಕಟಕಟ ಅಂದವು. ನನಗೆ ಎಲ್ಲಿತ್ತೋ ಸಿಟ್ಟು.

"ಮನೆ ಅಟ್ಟದ ತುಂಬಾ ಸೌದೆ ಬಿದ್ದೈತೆ. ನಾವು ತಾಯಿ ಮಗು ಇಲ್ಲಿ ನಡುಗಿ ಸಾಯ್ತೀವಿ, ನೀವು ಅದನ್ನ ಜೋಪಾನ ಮಾಡ್ಕಂಡಿರಿ" ಅಂದೆ.

ಅತ್ತೆ ಉಳಿದ ನೀರನ್ನ ನನ್ನ ಮೈಮೇಲೆ ಹಾಕಿ, ಸೀರೆ ಸುತ್ತಿ, ಒಳಗೆ ಕೂರಿಸಿದರು. ನಾನಾದರೂ ಬೇಕಂತ ಅಂದದ್ದಲ್ಲ. ಬೇಕಂತ ಅಂದದ್ದಲ್ಲ ಅಂತ ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ, ಸಾಕಾಗಿ ಹೋಗಿದೆ.

ಮಾರನೇ ದಿನದ ನೀರು ಸುಡುತ್ತಿತ್ತು. ಅತ್ತೆ ತಣ್ಣೀರು ಬೆರೆಸಿ ಬೆರೆಸಿ ಹಾಕಿದರು. ಅಗ್ಗಿಷ್ಟಿಕೆಯಲ್ಲಿ ನಿಗಿನಿಗಿ ಕೆಂಡ. ಮಗುವನ್ನ ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ, ನೀರು ಹಾಕಿ, ಸಾಂಬ್ರಾಣಿ ಹೊಗೆ ಹಿಡಿದರು. ಮಧ್ಯಾಹ್ನ ಅದು ಹಾಲು ಕುಡಿಯಿತು. ಸೌದೆ ಎಲ್ಲಿಂದ ಬಂತು ಅಂತ ಕೇಳಿದೆ. ಹೊಲದ ಕಡೆಯೋರು ಕೊಟ್ಟರು ಅಂದರು. ನಾನು ನಂಬಿದೆ.

ಅದರ ಮಾರನೇ ದಿನ ಒಲೆಯ ಹತ್ತಿರ ಹೋದಾಗ ಒಂದು ಸೀಳು ಎತ್ತಿ ಒಳಕ್ಕೆ ತಳ್ಳಿದೆ. ಕೈ ಕಪ್ಪಾಯಿತು. ನೋಡಿದರೆ ಸೌದೆಯ ಒಂದು ಮಗ್ಗುಲು ಪೂರ್ತಿ ಇಲ್ಲಣ, ಒಲೆಯ ಹೊಗೆ ವರ್ಷಗಟ್ಟಲೆ ಮೇಲಕ್ಕೆ ಹತ್ತಿ ಹತ್ತಿ ಅಂಟಿಕೊಳ್ಳೋ ಮಸಿ. ಹೊಲದಲ್ಲಿ ಬಿದ್ದ ಸೌದೆಗೆ ಇಲ್ಲಣ ಹತ್ತೋದಿಲ್ಲ. ಒಂದೇ ಅಳತೆಯ ಸೀಳು ಬೇರೆ. ನಾನು ತಲೆ ಎತ್ತಿದರೆ ಅತ್ತೆ ನನ್ನ ಕೈಯನ್ನೇ ನೋಡುತ್ತಿದ್ದರು.

"ಬಟ್ಟೆಗೆ ಮೈಲ್ಗೆ ಐತೆ, ಕಾಳಿಗೆ ಐತೆ, ಒಪ್ಕತೀನಿ" ಅಂದರು ಮೆಲ್ಲಗೆ. "ಸೌದೆಗೇನೈತವ್ವ? ಬೆಂಕಿಗ್ ಆಕೋದು ತಾನೆ. ಬೆಂಕಿ ಮುಂದೆ ಯಾವ್ ಕಾಯ್ಲೆ ನಿಲ್ತದೆ? ನಿನ್ ಗಂಡಂಗೆ ಏಳ್ಬ್ಯಾಡ."

ಹೆಲ್ತ್ ಇನ್ಸ್‌ಪೆಕ್ಟರು ಹಿಂದಿನ ವರ್ಷವೇ ತೋಪಿನಲ್ಲಿ ನಿಂತು ಹೇಳಿದ್ದರು: ಕಾಯಿಲೆ ಇರೋದು ಸತ್ತ ಇಲಿಯ ಮೈಮೇಲಿನ ಚಿಗಟದಲ್ಲಿ, ಇಲಿ ಸತ್ತರೆ ಅದು ಸಂದುಗೊಂದಿನಲ್ಲಿ ಕೂತು ಮನುಷ್ಯರಿಗೆ ಕಾದಿರುತ್ತೆ ಅಂತ. ನಾನು ಅರಕಲಗೂಡಿನಲ್ಲಿ ನಾಲ್ಕನೇ ಕ್ಲಾಸು ಓದಿದವಳು, ನನಗೆ ಅರ್ಥವಾಗಿತ್ತು. ಒಟ್ಟಿದ ಸೌದೆಯ ಸಂದಿಗಿಂತ ಇಲಿಗೆ ಬೇರೆ ಮನೆ ಬೇಕೆ? ಅತ್ತೆ ಅದನ್ನ ಸಿಂಬೆ ಇಟ್ಟುಕೊಂಡು ತಲೆಯ ಮೇಲೆ ಹೊತ್ತು ತರುತ್ತಿದ್ದರು. ಬೆಂಕಿಗೆ ಬೀಳೋ ತನಕ ಅದು ಅವರ ಮೈಮೇಲೇ ಇರುತ್ತಿತ್ತು.

ಅವತ್ತೇ ಬಾಯಿ ಬಿಡಬೇಕಾಗಿತ್ತು. ಯಾವಾಗಲೂ ಬೇಡದ ಕಡೆ ಬಿಡೋ ಬಾಯಿ, ಅವತ್ತು ಬಿಡಲಿಲ್ಲ. ಬೇಡ ಅಂದರೆ ನಾಳೆ ಬಿಸಿನೀರಿಲ್ಲ. ಮಗು ಹಾಲು ಕುಡಿಯೋದಕ್ಕೆ ಶುರು ಮಾಡಿತ್ತು. ನಾನು ಕೈಯ ಮಸಿಯನ್ನ ಮಣ್ಣಿಗೆ ಒರೆಸಿ, ಆಯ್ತು ಅಂತ ತಲೆಯಾಡಿಸಿದೆ.

ಇನ್ನು ಐದು ದಿನ ಅತ್ತೆ ಹೋಗಿ ಬಂದರು. ದಿನಾ ಎರಡು ಹೊರೆ. ಉಳಿದದ್ದನ್ನ ಬಾಣಂತಿ ಶೆಡ್ಡಿಗೆ ಸೋಕದ ಹಾಗೆ ಹಿಂದೆ ದೂರದಲ್ಲಿ ಒಟ್ಟಿ, ಗುರುತು ಸಿಗದ ಹಾಗೆ ಮೇಲೆ ತೊಗರಿ ಕಡ್ಡಿ ಹೊದಿಸಿ, ಯಾರೂ ಕದಿಯದಿರಲಿ ಅಂತ ಅದರ ಪಕ್ಕದಲ್ಲೇ ಚಾಪೆ ಹಾಕಿ ಮಲಗುತ್ತಿದ್ದರು. ಮಗು ಗುಂಡಗಾಯಿತು. ನಾನೂ ಹೊಟ್ಟೆ ತುಂಬ ಉಂಡೆ, ಬೆಚ್ಚಗೆ ಮಲಗಿದೆ, ನಿದ್ದೆಯೂ ಬಂತು. ಹೇಳೋದಕ್ಕೆ ನಾಚಿಕೆಯಾಗುತ್ತೆ, ಆ ಐದು ದಿನ ನಾನು ಸುಖವಾಗಿದ್ದೆ.

ಆರನೆಯ ದಿನ ನೀರು ಹಾಕುವಾಗ ಅತ್ತೆಯ ಕೈಯಿಂದ ಚೊಂಬು ಜಾರಿತು. ನಾನು ಕೈ ಹಿಡಿದುಕೊಂಡರೆ ಮೈ ಕಾದ ಹೆಂಚು. ಅವರು ಕೈ ಬಿಡಿಸಿಕೊಂಡು ಹಿಂದಕ್ಕೆ ಸರಿದರು. ಕಂಕುಳಲ್ಲಿ ಗಡ್ಡೆ ಎದ್ದಿದೆ ಅಂತ ತಾವೇ ಹೇಳಿದರು, ಹಲ್ಲು ನೋಯುತ್ತೆ ಅಂತ ಹೇಳಿದಷ್ಟೇ ಸದರವಾಗಿ. ಯಾರನ್ನೂ ಕರೆಯದೆ ತೋಪಿನ ಆ ತುದಿಯಲ್ಲಿ ಖಾಲಿ ಬಿದ್ದಿದ್ದ ಒಂದು ಶೆಡ್ಡಿಗೆ ನಡೆದುಕೊಂಡು ಹೋಗಿ ಮಲಗಿಬಿಟ್ಟರು. ಯಜಮಾನರು ಗಂಜಿ, ನೀರು ತಗೊಂಡು ಹೋಗಿ ಬಾಗಿಲಲ್ಲಿಟ್ಟು ಬರುತ್ತಿದ್ದರು. ನಾನು ಒಂದು ಸಲ ಹೋದೆ. "ಬರ್ಬ್ಯಾಡ, ಬರ್ಬ್ಯಾಡ. ಎಳೆಗೂಸಿನ್ ತಾಯಿ ನೀನು, ಅತ್ಲಾಗೋಗು" ಅಂದರು. ಅದೇ ನನ್ನ ಹತ್ತಿರ ಆಡಿದ ಕೊನೆಯ ಮಾತು. ಮೂರನೆಯ ದಿನ ಮಧ್ಯಾಹ್ನ ಹೋದರು. ನಾಲ್ಕು ಜನ ಗಂಡಸರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೊಲದ ಬದುವಿನಲ್ಲಿ ಮಣ್ಣು ಮಾಡಿದರು.

ಸಂಜೆಯೊಳಗೆ ಹೆಲ್ತ್ ಇನ್ಸ್‌ಪೆಕ್ಟರು ಸೈಕಲ್ಲಿನಲ್ಲಿ ಬಂದರು. ಶೆಡ್ಡಿನಲ್ಲಿ ಕಾಯಿಲೆ ಹೇಗೆ ಬಂತು ಅಂತ ಸುತ್ತೆಲ್ಲ ಹುಡುಕಿ, ನಮ್ಮ ಶೆಡ್ಡಿನ ಹಿಂದೆ ಒಟ್ಟಿದ್ದ ಸೌದೆಯ ಹತ್ತಿರ ನಿಂತರು. ಕೋಲಿನಲ್ಲಿ ಮೇಲಿನ ಕಡ್ಡಿ ತಳ್ಳಿ ಎರಡು ಸೀಳು ಸರಿಸಿದರು. ನಡುವೆ ಒಣಗಿದ ಇಲಿಯ ಬಾಲ ಒಂದು ಸಿಕ್ಕಿಕೊಂಡಿತ್ತು.

"ಇದು ಊರೊಳಗಿನ ಸೌದೆ. ಯಾರು ತಂದದ್ದು? ಮನೆಯವರಿಗೆ ಗೊತ್ತಿತ್ತೇನ್ರೀ?"

ಯಜಮಾನರು ಆ ಸೌದೆಯನ್ನ ಗುರುತು ಹಿಡಿದರು. ಅವರು ಸೀಳಿದ್ದೇ ಅಲ್ಲವೇ. ನನ್ನ ಕಡೆ ತಿರುಗಿ, "ಅವ್ವ ತಂದಿದ್ದು ನಿಂಗೊತ್ತಿತ್ತಾ?" ಅಂದರು.

"ಇಲ್ಲ" ಅಂದೆ.

ಅವರು ಮತ್ತೆ ಕೇಳಲಿಲ್ಲ. ಅವ್ವನಿಗೆ ವಯಸ್ಸಾಗಿತ್ತು, ಬುದ್ಧಿ ಕೆಟ್ಟು ಹಾಗೆ ಮಾಡಿಬಿಟ್ಟಳು ಸಾ, ಅಂತ ಇನ್ಸ್‌ಪೆಕ್ಟರಿಗೆ ಹೇಳಿದರು. ಸಾಯೋ ತನಕ ಹಾಗೇ ನಂಬಿದ್ದರು. ನಾನೂ ನಂಬೋದಕ್ಕೆ ಬಿಟ್ಟೆ.

ಇನ್ಸ್‌ಪೆಕ್ಟರು ಸೌದೆಯನ್ನ ಒಂದು ಸೀಳೂ ಮುಟ್ಟದೆ ಇದ್ದಲ್ಲೇ ಸುಟ್ಟುಬಿಡಿ ಅಂದರು. ಸುತ್ತ ತೆಂಗಿನ ಗರಿ ಇಟ್ಟು ಹಚ್ಚಿದರು. ಒಣಗಿದ ಸೌದೆ, ಭುಗ್ ಅಂತ ಹತ್ತಿಕೊಂಡಿತು. ಎರಡು ವರ್ಷದಲ್ಲಿ ಅಂಥಾ ಬೆಂಕಿಯನ್ನ ಆ ತೋಪಿನಲ್ಲಿ ಯಾರೂ ನೋಡಿರಲಿಲ್ಲ. ಅರವತ್ತು ಮನೆಯ ಹೆಂಗಸರೂ ದೂರದಲ್ಲಿ ಬಂದು ನಿಂತರು. ಕೆಲವರ ಕಂಕುಳಲ್ಲಿ ಮಕ್ಕಳು, ಕೆಲವರ ಕೈಯಲ್ಲಿ ಇನ್ನೂ ಒಲೆಗೆ ಹತ್ತದ ಪಾತ್ರೆ. ಆ ಉರಿಯನ್ನ ನೋಡೋರ ಮುಖದಲ್ಲಿ ಹೆದರಿಕೆಯಷ್ಟೇ ಹಸಿವೂ ಇತ್ತು.

ನಾನು ಒಳಗೆ ಹೋದೆ. ಮಗುವನ್ನ ಚಾಪೆಯ ಮೇಲೆ ಮಲಗಿಸಿ, ಹಂಡೆ ಎತ್ತಿಕೊಂಡು ಬಂದೆ. ಹಸಿ ಬಾಣಂತಿ, ಹೊಟ್ಟೆ ಕಿತ್ತು ಬಂದ ಹಾಗಾಯಿತು. ಬೆಂಕಿಯ ಬದಿಗೆ ಮೂರು ಕಲ್ಲು ತಳ್ಳಿ ಹಂಡೆ ಇಟ್ಟು, ಕೊಡದಲ್ಲಿದ್ದ ನೀರೆಲ್ಲ ಸುರಿದೆ. ಯಾರೋ ಒಬ್ಬಳು, ಇವಳಿಗೇನು ತಲೆ ಕೆಟ್ಟಿತೇ ಅಂದಳು. ಯಜಮಾನರು ಹಿಡಿಯೋಕೆ ಬಂದರು. ಇನ್ಸ್‌ಪೆಕ್ಟರು ಅವರ ಭುಜ ಹಿಡಿದು ನಿಲ್ಲಿಸಿ, ಬೆಂಕಿಗೆ ಬಿದ್ದದ್ದರಿಂದ ಇನ್ನೇನೂ ಆಗೋದಿಲ್ಲ, ಬಿಡಿ ಅಂದರು. ಅತ್ತೆಯೂ ಅದನ್ನೇ ಅಂದಿದ್ದರು.

ನೀರು ಬೇಗ ಕಾಯಿತು. ಮಗುವಿಗೆ ಹಾಕಿ ಒರೆಸಿ ಮಲಗಿಸಿ ಬಂದು ತಟ್ಟಿಯ ಮರೆಯಲ್ಲಿ ಕಲ್ಲಿನ ಮೇಲೆ ಕೂತೆ. ಕೂತ ಮೇಲೆ, ಅಭ್ಯಾಸ ನೋಡಿ, ಕಣ್ಣು ಮುಚ್ಚಿ ತಲೆ ಬಗ್ಗಿಸಿಕೊಂಡು ಸ್ವಲ್ಪ ಹೊತ್ತು ಹಾಗೇ ಕಾದೆ. ಹಾಕೋರು ಯಾರೂ ಇಲ್ಲ ಅಂತ ಹೊಳೆದ ಮೇಲೆ ಕೈ ಚಾಚಿ ಚೊಂಬು ತಗೊಂಡು ನಾನೇ ಹಾಕಿಕೊಂಡೆ.